ಕುಶಾಲನಗರದಲ್ಲಿ ಕೊಂಡ ಟಿಬೆಟಿನ ಹಳೇ ವಾದ್ಯದ ಪೆಟ್ಟಿಗೆ: ಒಂದು ಮಳೆಗಾಲ ಕಳೆದ ಮೇಲೆ

ಪೆಟ್ಟಿಗೆ ಚೆನ್ನಾಗಿದೆ, ಅದರ ಜೊತೆ ಕೊಟ್ಟ ಕಥೆ ಚೆನ್ನಾಗಿಲ್ಲ. ಅವಸರ ಇರುವವರಿಗೆ ಇಷ್ಟು ಸಾಕು. ಮಡಿಕೇರಿ ಕಡೆ ಮನೆ ಇದ್ದು ಹಳೇ ಮರದ ಸಾಮಾನಿನ ಹುಚ್ಚೂ ಇರುವವರು ಮಾತ್ರ ಪೂರ್ತಿ ಓದಿ. ಫೆಬ್ರವರಿಯಲ್ಲಿ ಕೊಂಡಾಗಲೇ ಬರೆದಿದ್ದರೆ ಇದು ಬರೀ ಹೊಗಳಿಕೆ ಆಗುತ್ತಿತ್ತು. ಈಗ ಅಕ್ಟೋಬರ್, ಮಧ್ಯದಲ್ಲಿ ನಮ್ಮ ಮಳೆಗಾಲ ಬಂದು ಹೋಗಿದೆ.

ನನಗೆ ಪೆಟ್ಟಿಗೆ ಯಾಕೆ ಬೇಕಾಗಿತ್ತು ಅಂದರೆ, ನಾನು ಕೊಳಲು ನುಡಿಸುತ್ತೇನೆ. ದೊಡ್ಡ ವಿದ್ವಾಂಸ ಏನಲ್ಲ, ಸಂಜೆ ತೋಟದಿಂದ ಬಂದು ಕೈಕಾಲು ತೊಳೆದು ಅರ್ಧ ಗಂಟೆ. ಕೊಳಲುಗಳು ಇಷ್ಟು ವರ್ಷ ಇದ್ದದ್ದು ಪಿವಿಸಿ ಪೈಪಿನಲ್ಲಿ. ಪ್ಲಂಬರ್ ಹತ್ತಿರ ಒಂದು ತುಂಡು ಕೊಯ್ಯಿಸಿಕೊಂಡು, ಎರಡೂ ಕಡೆ ಮುಚ್ಚಳ ಹಾಕಿ, ಭುಜಕ್ಕೆ ನೇತುಹಾಕಲು ಒಂದು ಬೆಲ್ಟು ಕಟ್ಟಿಕೊಂಡಿದ್ದೆ. ಬಸ್ಸಿನಲ್ಲಿ ಒಬ್ಬರು "ಬೋರ್‌ವೆಲ್ ಕೆಲಸಾನಾ?" ಅಂತ ಕೇಳಿದ ದಿನ ಇನ್ನು ಸಾಕು ಅನ್ನಿಸಿತು.

ಅಂಗಡಿಯ ಹೆಸರು ಹೇಳುವುದಿಲ್ಲ. ಕುಶಾಲನಗರದಲ್ಲೇ ಇದೆ, ಸೇತುವೆಗೆ ಮೊದಲು, ಅಂದರೆ ಇನ್ನೂ ಕೊಡಗಿನ ಈಚೆ. ಕಾವೇರಿ ದಾಟಿದರೆ ಮೈಸೂರು ಜಿಲ್ಲೆ. ಬೈಲಕುಪ್ಪೆಯೂ ಆ ಕಡೆಗೇ ಸೇರಿದ್ದು, ಪಿರಿಯಾಪಟ್ಟಣ ತಾಲೂಕು, ಆದರೂ ಪ್ರವಾಸಕ್ಕೆ ಬಂದವರು ಅದನ್ನು ಕೊಡಗು ಅಂತಲೇ ಲೆಕ್ಕ ಹಾಕುತ್ತಾರೆ, ನಾವೂ ಸುಮ್ನೆ ಇರುತ್ತೇವೆ. 1961ರಲ್ಲಿ ಅಲ್ಲಿ ಟಿಬೆಟನ್ನರ ಮೊದಲ ಕ್ಯಾಂಪು ಶುರುವಾದಾಗಿನಿಂದ ನಮಗೂ ಅವರಿಗೂ ಸಂತೆ ಒಂದೇ, ಬಸ್ ಸ್ಟ್ಯಾಂಡ್ ಒಂದೇ. ಚಳಿಗಾಲದ ಸ್ವೆಟರ್ ಅವರ ಹತ್ತಿರವೇ ಕೊಂಡು ಬೆಳೆದವರು ನಾವು. ಹಾಗಾಗಿ ಅಂಗಡಿಯವರನ್ನು ಒಂಥರಾ ನೆಂಟರ ಹಾಗೆ ನಂಬಿಬಿಟ್ಟೆ. ತಪ್ಪು ನನ್ನದೂ ಇದೆ.

ನಾನು ಹೋದದ್ದು ಲೋಸರ್ ಸಮಯದಲ್ಲಿ, ಅಂದರೆ ಅವರ ಹೊಸ ವರ್ಷ. ಮುಂದುಗಡೆ ಎಲ್ಲ ಅಂಗಡಿಯಲ್ಲೂ ಇರುವ ಮಾಲೇ: ಪ್ರಾರ್ಥನೆಯ ಚಕ್ರ, ಹಾಡುವ ಬಟ್ಟಲು, ಕೀ ಚೈನು, ಬಣ್ಣದ ಬಾವುಟ. ಒಳಗಿನ ಕೋಣೆಯಲ್ಲಿ ಹಳೇ ಸಾಮಾನು. ಅಲ್ಲಿ ಒಂದು ಕಪಾಟಿನ ಕೆಳಗೆ, ಹಳೇ ಕಾರ್ಪೆಟ್ಟಿನ ಹಿಂದೆ ಇದು ಬಿದ್ದಿತ್ತು. ಒಂದು ಕಡೆ ಕಿರಿದು, ಇನ್ನೊಂದು ಕಡೆ ಅಗಲ, ದೊಡ್ಡ ಬಾಳೆ ಮೂತಿಯನ್ನು ಉದ್ದಕ್ಕೆ ಎಳೆದ ಹಾಗೆ. ಕಪ್ಪು ಚರ್ಮ, ಕಬ್ಬಿಣದ ಪಟ್ಟಿ.

"ಕೊಳಲಿನ ಪೆಟ್ಟಿಗೆ ಸಾರ್. ಟಿಬೆಟಿಂದ ಬಂದಿದ್ದು. 150 ವರ್ಷ" ಅಂದರು ಅಂಗಡಿಯವರು. ಒಳ್ಳೇ ಕನ್ನಡ, ನನಗಿಂತ ಸ್ಪಷ್ಟ.

"ಅಣ್ಣ, 150 ವರ್ಷ ಅಂದರೆ ಮಾರೋದಕ್ಕೆ ಲೈಸೆನ್ಸ್ ಬೇಕಲ್ವಾ?"

ನಾನು ಕಾನೂನು ಮಾತಾಡಬೇಕು ಅಂತ ಹೋದವನಲ್ಲ, ಬಾಯಿಗೆ ಬಂತು ಕೇಳಿದೆ. 1972ರ ಕಾಯ್ದೆ ಒಂದಿದೆ, 100 ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರ ಮಾಡುವವರು ಪುರಾತತ್ವ ಇಲಾಖೆಯಿಂದ ಲೈಸೆನ್ಸ್ ಪಡೆದಿರಬೇಕು, ಮತ್ತೆ ಅವನ್ನು ದೇಶದ ಆಚೆ ಒಯ್ಯುವ ಹಾಗಿಲ್ಲ. ಅವರು ಒಂದು ಸಲ ಪೆಟ್ಟಿಗೆ ನೋಡಿದರು, ಒಂದು ಸಲ ನನ್ನನ್ನು ನೋಡಿದರು.

"ಅಷ್ಟೊಂದು ಇರಲ್ಲ ಸಾರ್. 80, 90 ಇರಬಹುದು."

ಅರ್ಧ ನಿಮಿಷದಲ್ಲಿ 60 ವರ್ಷ ಇಳಿಯಿತು. ಬೆಲೆ ಮಾತ್ರ ಇಳಿಯಲಿಲ್ಲ, 22,000. ಒಂದು ಗಂಟೆ ಕೂತು, ಎರಡು ಸಲ ಎದ್ದು ಬಾಗಿಲವರೆಗೂ ಹೋಗಿ, ಕೊನೆಗೆ 14,500ಕ್ಕೆ ಒಪ್ಪಿದರು. ಬಿಲ್ಲಿನಲ್ಲಿ ಬರೆದದ್ದು "ಹಳೆ ಮರದ ಪೆಟ್ಟಿಗೆ, 1" ಅಂತ. ಟಿಬೆಟ್ ಇಲ್ಲ, ಆಂಟಿಕ್ ಇಲ್ಲ, ವಾದ್ಯವೂ ಇಲ್ಲ. ಬಾಯಲ್ಲಿ ಹೇಳಿದ್ದು ಕಾಗದದ ಮೇಲೆ ಬರುತ್ತಾ ಅಂತ ನೋಡಿ, ನೀವು ಎಲ್ಲೇ ಕೊಂಡರೂ.

ಇನ್ನೊಂದು ಇತ್ತು ಅಲ್ಲಿ, ಅದನ್ನು ಹೇಳದೆ ಇರಲು ಆಗುವುದಿಲ್ಲ. ಗಟ್ಟಿ ಚರ್ಮದ ಸಣ್ಣ ಕೊಳವೆ, ಹೊಲಿಗೆ ಹಾಕಿದ್ದು, ನೋಡಲು ನನ್ನ ಪೆಟ್ಟಿಗೆಗಿಂತ ಸುಂದರ. ಏನಕ್ಕೆ ಅಂತ ಕೇಳಿದರೆ ಕಾಂಗ್ಲಿಂಗ್ ಇಡಲು ಅಂದರು. ಕಾಂಗ್ಲಿಂಗ್ ಅಂದರೆ ಮನುಷ್ಯರ ತೊಡೆಮೂಳೆಯಿಂದ ಮಾಡಿದ ಕಹಳೆ. ತಮಾಷೆ ಅಲ್ಲ, ಛೋದ್ ಅನ್ನುವ ಅವರ ಸಾಧನೆಯಲ್ಲಿ ಅದನ್ನು ಊದುತ್ತಾರೆ, ಸಾವಿನ ಭಯ, ನಾನು ಅನ್ನೋದು, ಎರಡನ್ನೂ ಬಿಡುವ ಸಾಧನೆ. ಒಳಗೆ ಕಹಳೆ ಇರಲಿಲ್ಲ, ಖಾಲಿ ಕೊಳವೆ. ಆದರೂ ಅದನ್ನು ಮನೆಗೆ ತಂದರೆ ಅವ್ವ ನನ್ನನ್ನೂ ಅದನ್ನೂ ಒಟ್ಟಿಗೆ ಅಂಗಳದಲ್ಲಿ ನಿಲ್ಲಿಸುತ್ತಾರೆ ಅಂತ ಗೊತ್ತಿತ್ತು. ಅದಕ್ಕೂ 150 ವರ್ಷ ಅಂದಿದ್ದರು.

ಈಗ ಪೆಟ್ಟಿಗೆಗೆ ಬರೋಣ.

ಹೊರಗಿನ ಉದ್ದ 68 ಸೆಂಟಿಮೀಟರ್, ಒಳಗೆ 61. ಕಿರಿದಾದ ತುದಿ 9, ಅಗಲವಾದ ತುದಿ 16. ತೂಕ ಎರಡು ಕಿಲೋಗೆ ಸ್ವಲ್ಪ ಕಮ್ಮಿ. ಎರಡು ಮರದ ಹೋಳು, ಒಳಗೆ ಉಳಿಯಿಂದ ಕೆತ್ತಿ ಟೊಳ್ಳು ಮಾಡಿದ್ದು. ಟಾರ್ಚ್ ಹಾಕಿ ನೋಡಿದರೆ ಉಳಿ ಹೋದ ಒಂದೊಂದು ಗೆರೆಯೂ ಕಾಣುತ್ತದೆ. ಗೆರೆಗಳು ಒಂದೇ ಅಳತೆಯವಲ್ಲ, ಒಂದು ಕಡೆ ಉಳಿ ಜಾರಿ ಆಳವಾಗಿ ಕಚ್ಚಿದೆ, ಅಲ್ಲಿಗೆ ಸ್ವಲ್ಪ ಅಂಟು ತುಂಬಿದ್ದಾರೆ. ಮೇಲೆ ಚರ್ಮ ಎಳೆದು ಸುತ್ತಿದ್ದಾರೆ, ಯಾಕ್ ಚರ್ಮ ಅಂದರು ಅಂಗಡಿಯವರು. ಒಣಗುವಾಗ ಮರವನ್ನು ಬಿಗಿಯಾಗಿ ಹಿಡಿದುಕೊಳ್ಳಲಿ ಅಂತ ಹಸಿ ಇರುವಾಗಲೇ ಸುತ್ತಿ ಹೊಲಿಯುವುದು, ನಮ್ಮಲ್ಲಿ ಚಂಡೆಗೆ ಚರ್ಮ ಎಳೆದ ಹಾಗೆ. ಒಳಗೆ ಕೆಂಪು ಉಣ್ಣೆ ಬಟ್ಟೆ ಅಂಟಿಸಿದ್ದ ಗುರುತಿದೆ, ಬಟ್ಟೆ ಉಳಿದಿರುವುದು ಎರಡು ಅಂಗೈಯಷ್ಟು ಜಾಗದಲ್ಲಿ ಮಾತ್ರ.

ವಾಸನೆ! ಮುಚ್ಚಳ ತೆಗೆದರೆ ಹಳೇ ದೇವರ ಕೋಣೆಯ ವಾಸನೆ. ದೀಪದ ಜಿಡ್ಡು, ಹೊಗೆ, ಅದರ ಹಿಂದೆ ಸ್ವಲ್ಪ ಕಮಟು ಬೆಣ್ಣೆ. ಟಿಬೆಟಿನ ಮಠಗಳಲ್ಲಿ ದೀಪಕ್ಕೆ ಬೆಣ್ಣೆ ಉರಿಸುತ್ತಾರೆ, ವರ್ಷಾನುಗಟ್ಟಲೆ ಆ ಮಸಿ ಎಲ್ಲಾದರ ಮೇಲೂ ಕೂರುತ್ತದೆ. ಹತ್ತಿಯನ್ನು ಒದ್ದೆ ಮಾಡಿ ಮೂಲೆಯಲ್ಲಿ ಉಜ್ಜಿದೆ. ಕಪ್ಪು ಬಣ್ಣ ಬಿಡಲಿಲ್ಲ, ಕಂದು ಜಿಡ್ಡು ಸ್ವಲ್ಪ ಬಂತು. ಹೊಸದಾಗಿ ಮಾಡಿ ಮಸಿ, ಟೀ ಡಿಕಾಕ್ಷನ್ ಹಚ್ಚಿ ಹಳೇದು ಮಾಡಿದ ಮಾಲಾದರೆ ಬಣ್ಣ ಹತ್ತಿಗೆ ಬರುತ್ತದೆ, ಮತ್ತೆ ಎಲ್ಲ ಕಡೆ ಒಂದೇ ಸಮನೆ ಸವೆದಿರುತ್ತದೆ. ಇದರಲ್ಲಿ ಹಾಗಿಲ್ಲ. ಕೈ ಹಿಡಿಯುವ ಜಾಗದಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತದೆ, ಅಡಿಯಲ್ಲಿ ಗೀರು, ಯಾರೂ ಮುಟ್ಟದ ಸಂದಿಯಲ್ಲಿ ಒರಟು. ಅಗಲದ ತುದಿಯೂ ಪೂರ್ತಿ ದುಂಡಗಿಲ್ಲ, ಒಂದು ಕಡೆ ಅಳೆದರೆ 16, ಅಡ್ಡ ಅಳೆದರೆ 15.6. ಮರ ಒಣಗಿದಾಗ ಎಳೆಯ ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಹಳೇ ಮರ ಪಕ್ಕಾ ದುಂಡಗೆ ಉಳಿಯುವುದು ಅಪರೂಪ. ಇದನ್ನು ನನಗೆ ಹೇಳಿಕೊಟ್ಟದ್ದು ನಮ್ಮ ಆಚಾರಿ.

ಹೇಳಿಕೊಡುತ್ತಾ ಅವರೇ ನನ್ನ ಖುಷಿಯನ್ನೂ ಕೆಡಿಸಿದರು. ಕೀಲು ಸ್ವಲ್ಪ ಬಿಗಿ ಇತ್ತು ಅಂತ ತೋರಿಸಲು ಒಯ್ದಿದ್ದೆ. ಅವರು ಕನ್ನಡಕ ಹಣೆಗೆ ಏರಿಸಿ, ಕೀಲಿನ ಮೇಲಿದ್ದ ಕಪ್ಪು ಮೇಣವನ್ನು ಉಗುರಲ್ಲಿ ಕೆರೆದರು. ಒಳಗೆ ಸ್ಕ್ರೂ ತಲೆ. ಸ್ಟಾರ್ ಸ್ಕ್ರೂ.

"ಇದನ್ನು ಮಾಡಿದವನ ಹತ್ತಿರ ಸ್ಟಾರ್ ಸ್ಕ್ರೂ ಡ್ರೈವರ್ ಇತ್ತಲ್ಲ ಮಾರಾಯ್ರೆ" ಅಂದು ನಕ್ಕರು.

ಸ್ಟಾರ್ ಸ್ಕ್ರೂ ಜನರ ಕೈಗೆ ಬಂದದ್ದೇ 1930ರ ದಶಕದಲ್ಲಿ, ಅಮೆರಿಕದ ಕಾರು ಕಾರ್ಖಾನೆಗಳಿಗೆ. ಟಿಬೆಟಿನ ಯಾವ ಬಡಗಿಯೂ 150 ವರ್ಷದ ಹಿಂದೆ ಅದನ್ನು ತಿರುಗಿಸಿರಲು ಸಾಧ್ಯವಿಲ್ಲ. ಆದರೆ ಆಚಾರಿ ನ್ಯಾಯವಂತರು. ಸ್ಕ್ರೂ ಬಿಚ್ಚಿ ನೋಡಿ, ಅದರ ಪಕ್ಕದಲ್ಲೇ ಹಳೇ ಮೊಳೆಯ ಚೌಕ ತೂತುಗಳನ್ನು ತೋರಿಸಿದರು, ಸುತ್ತಲೂ ತುಕ್ಕು ಮರಕ್ಕೆ ಇಳಿದಿತ್ತು. ಅಂದರೆ ಪೆಟ್ಟಿಗೆ ಹಳೇದೇ, ಕೀಲು ಮಾತ್ರ ಆಮೇಲೆ ಬದಲಾಯಿಸಿದ್ದು. ಬದಲಾಯಿಸಿದ್ದು ತಪ್ಪಲ್ಲ, ಮುರಿದರೆ ಬದಲಾಯಿಸಲೇಬೇಕು. "ಒಂದು ಮೊಳೆ ಕೂಡ ಮುಟ್ಟಿಲ್ಲ ಸಾರ್" ಅಂತ ನಾನು ಕೇಳದೆಯೇ ಎರಡು ಸಲ ಹೇಳಿದ್ದರಲ್ಲ, ಅದಕ್ಕೆ ಸಿಟ್ಟು ಬಂದದ್ದು. ಫೋನ್ ಮಾಡಿದೆ. "ನಮಗೆ ಬಂದದ್ದೇ ಹಾಗೆ ಸಾರ್" ಅಂದರು. ಮೇಣ ಬಳಿದವರು ಯಾರು ಅಂತ ಕೇಳಿದ್ದಕ್ಕೆ ಲೈನ್ ಕಟ್ಟಾಯಿತು, ನೆಟ್‌ವರ್ಕ್ ಇರಬಹುದು, ನಮ್ಮ ಕಡೆ ಅದನ್ನೂ ನಂಬಬೇಕಾಗುತ್ತದೆ.

ಇನ್ನು ಇದು ಕೊಳಲಿನ ಪೆಟ್ಟಿಗೆಯೂ ಅಲ್ಲ. ಬೈಲಕುಪ್ಪೆಯಲ್ಲಿ ನನಗೆ ಪರಿಚಯದ ಒಬ್ಬರು ಭಿಕ್ಷು ಇದ್ದಾರೆ, ಗೆನ್ ಲಾ ಅಂತ ಕರೆಯುತ್ತೇನೆ, ಅಂದರೆ ಮೇಷ್ಟ್ರೇ ಅಂದ ಹಾಗೆ. ಅವರು ಮಠದ ಪೂಜೆಯಲ್ಲಿ ಗ್ಯಾಲಿಂಗ್ ನುಡಿಸುತ್ತಿದ್ದವರು. ಪೆಟ್ಟಿಗೆಯನ್ನು ದೂರದಿಂದ ನೋಡಿಯೇ "ಗ್ಯಾಲಿಂಗ್" ಅಂದರು. ನೀವು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ಲಿಗೆ ಪೂಜೆಯ ಹೊತ್ತಿಗೆ ಹೋಗಿದ್ದರೆ ಕೇಳಿರುತ್ತೀರಿ. ನೆಲಕ್ಕೆ ಊರಿದ ಉದ್ದದ ತಾಮ್ರದ ಕಹಳೆ ಎದೆ ನಡುಗಿಸುವ ಹಾಗೆ ಗುಡುಗುತ್ತದಲ್ಲ, ಅದು ದುಂಗ್‌ಚೆನ್. ಅದರ ಮೇಲೆ ಇಬ್ಬರು ಒಟ್ಟಿಗೆ ಉಸಿರೇ ನಿಲ್ಲಿಸದೆ ಎಳೆಯುವ ತೆಳು ಸ್ವರ ಗ್ಯಾಲಿಂಗ್. ಗಟ್ಟಿ ಮರದ ಕೊಳವೆ, ಏಳು ತೂತು ಮುಂದೆ, ಹೆಬ್ಬೆರಳಿಗೆ ಒಂದು ಹಿಂದೆ, ಕೆಳಗೆ ಲೋಹದ ಅಗಲ ಬಾಯಿ. ಮೂಗಲ್ಲಿ ಉಸಿರು ಎಳೆದುಕೊಳ್ಳುತ್ತಾ ಕೆನ್ನೆಯ ಗಾಳಿಯನ್ನು ಊದುತ್ತಾ ಇರುವುದು, ಸ್ವರ ತುಂಡಾಗಬಾರದು.

ನಮ್ಮ ಮದುವೆಗಳಲ್ಲಿ ವಾಲಗ ಊದುವವರು ಮಾಡುವುದೂ ಇದನ್ನೇ. ಗ್ಯಾಲಿಂಗ್, ವಾಲಗ, ಶಹನಾಯಿ, ನಾಗಸ್ವರ ಎಲ್ಲ ಒಂದೇ ಬಳ್ಳಿಯವು, ತುದಿಯಲ್ಲಿ ಎರಡು ಪದರದ ಹುಲ್ಲಿನ ಪೀಪಿ ಇಟ್ಟು ಊದುವವು. ಗೆನ್ ಲಾಗೆ ಮೊಬೈಲಿನಲ್ಲಿ ನಮ್ಮ ನೆಂಟರ ಮದುವೆಯ ವಾಲಗತಾಟ್ ಕುಣಿತದ ವಿಡಿಯೋ ತೋರಿಸಿದೆ. ಕುಣಿಯುವವರನ್ನು ಅವರು ನೋಡಲೇ ಇಲ್ಲ. ಮೂಲೆಯಲ್ಲಿ ನಿಂತು ಊದುತ್ತಿದ್ದವರ ಕೆನ್ನೆಯನ್ನೇ ಎರಡು ಬೆರಳಲ್ಲಿ ದೊಡ್ಡದು ಮಾಡಿ ಮೂರು ಸಲ ನೋಡಿದರು. ಆಮೇಲೆ ತಮ್ಮ ಗ್ಯಾಲಿಂಗ್ ತಂದು ನನ್ನ ಪೆಟ್ಟಿಗೆಯಲ್ಲಿ ಮಲಗಿಸಿದರು. ಉದ್ದ ಸರಿ, ಬಾಯಿ ಮಾತ್ರ ಕೂರಲಿಲ್ಲ, ಒಂದು ಬೆರಳಷ್ಟು ಆಡುತ್ತಿತ್ತು. ಒಂದು ವಾದ್ಯಕ್ಕೆ ಅಳತೆ ತೆಗೆದು ಮಾಡಿದ ಪೆಟ್ಟಿಗೆ ಇನ್ನೊಂದಕ್ಕೆ ಆಗುವುದಿಲ್ಲ, ಚಪ್ಪಲಿಯ ಹಾಗೆ ಅಂದರು. ಅವರ ಗ್ಯಾಲಿಂಗ್ ಇರುವುದು ಹಳದಿ ಬಟ್ಟೆ ಚೀಲದಲ್ಲಿ. ಕುದುರೆ ಮೇಲೆ ಹೇರಿಕೊಂಡು ಹೋಗುವವರಿಗೆ ಬೇಕಿತ್ತು ಇಂಥ ಗಟ್ಟಿ ಪೆಟ್ಟಿಗೆ, ನಾವು ಆಟೋದಲ್ಲಿ ಹೋಗುತ್ತೇವೆ ಅಂತ ನಕ್ಕರು. ಅವರ ನಗುವಿನಿಂದ ನನ್ನ 14,500ದಲ್ಲಿ ಅರ್ಧ ವಸೂಲಾಯಿತು.

ಈಗ ಮಳೆಗಾಲ.

ಲಾಸಾ ಇರುವುದು ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿ, ಅಲ್ಲಿ ವರ್ಷಕ್ಕೆ ಬೀಳುವ ಮಳೆ 450 ಮಿಲಿಮೀಟರ್ ಹತ್ತಿರ. ನಮಗೆ ಜುಲೈನ ಒಂದು ಕೆಟ್ಟ ವಾರ ಸಾಕು ಅದಕ್ಕೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ದಾಟುತ್ತದೆ, ಭಾಗಮಂಡಲ ಕಡೆ ಇನ್ನೂ ಜಾಸ್ತಿ. ಒಣ ಗಾಳಿಗೆ ಅಂತ ಹುಟ್ಟಿದ ಪೆಟ್ಟಿಗೆಯನ್ನು ತಂದು ನಾನು ಇಟ್ಟದ್ದು ಬಟ್ಟೆ ನಾಲ್ಕು ದಿನವಾದರೂ ಒಣಗದ ಮನೆಯಲ್ಲಿ. ಜೂನ್ ಕೊನೆಯವರೆಗೂ ಏನೂ ಆಗಲಿಲ್ಲ. ಜುಲೈ ಎರಡನೇ ವಾರ ನೋಡುತ್ತೇನೆ, ಚರ್ಮದ ಮೇಲೆ ಬಿಳಿ ಬೂಷ್ಟು, ಹೊಲಿಗೆಯ ಸಾಲಿನಲ್ಲಿ ಹಸಿರು. ಇಲ್ಲಿಯವರಿಗೆ ಇದು ಹೊಸದಲ್ಲ, ಬೆಲ್ಟು, ಶೂ, ಬ್ಯಾಗು ಎಲ್ಲದಕ್ಕೂ ಬರುತ್ತದೆ. ಒರೆಸಿದೆ. ಆಮೇಲೆ ಬುದ್ಧಿವಂತ ಅಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿದೆ.

ದಯವಿಟ್ಟು ಹಚ್ಚಬೇಡಿ. ಎಣ್ಣೆ ಬೂಷ್ಟಿಗೆ ಊಟ ಹಾಕಿದ ಹಾಗೆ. ಐದು ದಿನದಲ್ಲಿ ಮೊದಲಿಗಿಂತ ಎರಡರಷ್ಟು ಬಂತು, ಚರ್ಮ ಮೆತ್ತಗಾಯಿತು, ಒಂದು ಕಡೆ ಅಂಟು ಬಿಟ್ಟು ಎರಡು ಇಂಚು ಎದ್ದಿತು. ಹಳೇ ಅಂಟು ಪ್ರಾಣಿಯ ಚರ್ಮ ಕುದಿಸಿ ಮಾಡುವಂಥದ್ದು, ತೇವ ಕಂಡರೆ ಬಿಡುತ್ತದೆ. ಮರ ಊದಿ ಮುಚ್ಚಳ ಮುಚ್ಚುವುದೂ ನಿಂತಿತು. ಒಳಗಿದ್ದ ಎರಡು ಕೊಳಲಿನಲ್ಲಿ ಒಂದಕ್ಕೆ ದಾರ ಸುತ್ತಿದ ಜಾಗದಲ್ಲಿ ಕಪ್ಪು ಚುಕ್ಕೆ. ಪಿವಿಸಿ ಪೈಪಿನಲ್ಲಿ ಇಷ್ಟು ವರ್ಷ ಒಂದು ಚುಕ್ಕೆ ಬಂದಿರಲಿಲ್ಲ ಅನ್ನೋದನ್ನು ನಮ್ಮವಳು ಬಹಳ ಮೆಲ್ಲಗೆ ನೆನಪಿಸಿದಳು.

ಸಿಲಿಕಾ ಜೆಲ್ ಪೊಟ್ಟಣ ಹಾಕಿದೆ, ನಮ್ಮ ಜುಲೈಗೆ ಅದು ಸಾಲುವುದಿಲ್ಲ, ಎರಡೇ ದಿನಕ್ಕೆ ಹೊಟ್ಟೆ ತುಂಬಿ ಕೂರುತ್ತದೆ. ಫೋಟೋ ತೆಗೆಯುವ ಗೆಳೆಯನೊಬ್ಬ ಕ್ಯಾಮೆರಾ ಇಡುವ ಕಪಾಟಿನಲ್ಲಿ ಝೀರೋ ಕ್ಯಾಂಡಲ್ ಬಲ್ಬ್ ಹೊತ್ತಿಸಿಡುತ್ತಾನೆ, ಅದು ಒಳ್ಳೇ ಉಪಾಯ, ಆದರೆ ನಮ್ಮಲ್ಲಿ ಆ ವಾರ ಕರೆಂಟ್ ಇದ್ದದ್ದೇ ಎರಡು ದಿನ. ಕೊನೆಗೆ ಅವ್ವ "ಇಲ್ಲಿ ಕೊಡು" ಅಂತ ಪೆಟ್ಟಿಗೆಯನ್ನು ತೆಗೆದುಕೊಂಡು, ಒಣ ಬಟ್ಟೆಯಲ್ಲಿ ಒರೆಸಿ, ಹಳೇ ಅಡುಗೆಮನೆಯ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರು. ಒಲೆಯ ನೇರ ಮೇಲಲ್ಲ, ಒಂದು ಬದಿಗೆ, ಬೀಜದ ಸೌತೆಕಾಯಿ, ಒಣಮೀನಿನ ಬುಟ್ಟಿ ಇರುವಲ್ಲಿ. ಒಣಮೀನನ್ನು ಮಾತ್ರ ನನ್ನ ಒತ್ತಾಯಕ್ಕೆ ಆಚೆ ಸರಿಸಿದರು.

ಮೂರು ವಾರ ಅಲ್ಲೇ ಇತ್ತು. ಬೂಷ್ಟು ಹೋಯಿತು, ಮತ್ತೆ ಬರಲಿಲ್ಲ. ಮರ ಇಳಿದು ಮುಚ್ಚಳ ಕೂತಿತು. ಚರ್ಮ ಹೊಲಿಗೆಯ ಹತ್ತಿರ ಒಂದು ಕೂದಲೆಳೆಯಷ್ಟು ಎಳೆದುಕೊಂಡಿದೆ, ಅದು ನಷ್ಟ, ಒಪ್ಪಿಕೊಳ್ಳುತ್ತೇನೆ. ಮ್ಯೂಸಿಯಮ್ಮಿನವರು ಇದನ್ನು ಓದಿದರೆ ನನ್ನನ್ನು ಹೊಡೆಯಬಹುದು. ಆದರೆ ಮೂಗು ಹತ್ತಿರ ಇಟ್ಟರೆ ಅದೇ ವಾಸನೆ, ಹೊಗೆ ಮತ್ತೆ ಜಿಡ್ಡು, ಈಗ ಬೆಣ್ಣೆಯ ಬದಲು ಸಿಲ್ವರ್ ಓಕ್ ಸೌದೆಯದ್ದು.

ಎದ್ದ ಚರ್ಮವನ್ನು ಆಚಾರಿ ಅಂಟಿಸಿಕೊಟ್ಟರು. ಫೆವಿಕಾಲ್ ಬೇಡ ಅಂತ ನಾನೇ ಹೇಳಿದ್ದೆ, ಮುಂದೆ ಯಾರಾದರೂ ಬಿಚ್ಚಬೇಕಾದರೆ ಬರುವುದಿಲ್ಲ. ಅವರು ಹಳೇ ಕಾಲದ ವಜ್ರದ ಗೋಂದನ್ನೇ ಕಾಯಿಸಿ ಹಚ್ಚಿದರು, ಅದೂ ಪ್ರಾಣಿಯ ಅಂಟೇ. ಒಳಗೆ ಕಂಬಳಿ ತುಂಡಿನಿಂದ ಎರಡು ದಿಂಬು ಮಾಡಿ ಇಟ್ಟರು, ಕೊಳಲು ಆಡುವುದಿಲ್ಲ ಈಗ. ಹಳೇ ಕೆಂಪು ಬಟ್ಟೆಯನ್ನು ಮುಟ್ಟಿಲ್ಲ. ಎಲ್ಲ ಸೇರಿ 900 ರೂಪಾಯಿ ಮತ್ತೆ ಒಂದು ಕಿಲೋ ಕಾಫಿ ಪುಡಿ.

ಬಳಕೆಗೆ ಹೇಗೆ? ಸಣ್ಣ, ಮಧ್ಯಮ ಕೊಳಲು ನಾಲ್ಕು ಹಿಡಿಯುತ್ತದೆ. ಉದ್ದದ ಬೇಸ್ ಬಾನ್ಸುರಿ ಹೋಗುವುದಿಲ್ಲ, ಅದರ ಆಸೆ ಬಿಡಿ. ನುಡಿಸಿದ ತಕ್ಷಣ ಕೊಳಲನ್ನು ಒಳಗೆ ಇಡಬೇಡಿ, ಬಾಯಿಯ ತೇವ ಒಳಗೇ ಉಳಿಯುತ್ತದೆ, ಬಟ್ಟೆ ಎಳೆದು ಒರೆಸಿ ಅರ್ಧ ಗಂಟೆ ಗಾಳಿಗೆ ಬಿಡಿ. ನವೆಂಬರಿನಿಂದ ಮೇವರೆಗೆ ಈ ಪೆಟ್ಟಿಗೆ ಚಿನ್ನ. ಬೇಸಿಗೆಯಲ್ಲಿ ಬಿದಿರು ಸೀಳದ ಹಾಗೆ ಕಾಪಾಡಿದೆ, ಮರ ಚರ್ಮ ಎರಡೂ ಸ್ವಲ್ಪ ಉಸಿರಾಡುತ್ತವೆ, ಒಳಗೆ ತಟ್ಟನೆ ಬಿಸಿ ಆಗುವುದಿಲ್ಲ. ಜೂನ್ ಬಂತು ಅಂದರೆ ಕೊಳಲು ವಾಪಸ್ ಪಿವಿಸಿಗೆ, ಪೆಟ್ಟಿಗೆ ಅಟ್ಟಕ್ಕೆ. ಅಂದರೆ ವರ್ಷದಲ್ಲಿ ಐದು ತಿಂಗಳು ಕೆಲಸಕ್ಕೆ ಬಾರದ ಸಾಮಾನಿಗೆ ನಾನು ಒಟ್ಟು 15,400 ರೂಪಾಯಿ ಕೊಟ್ಟಿದ್ದೇನೆ. ಬೆಂಗಳೂರಲ್ಲೋ ಮೈಸೂರಲ್ಲೋ ಇರುವವರಿಗೆ ಈ ತಲೆನೋವು ಇಷ್ಟಿರುವುದಿಲ್ಲ, ಅವರು ಕೊಳ್ಳಬಹುದು. ನಾಪೋಕ್ಲು, ಭಾಗಮಂಡಲದವರು ಸೌದೆ ಒಲೆ ಇನ್ನೂ ಇದ್ದರೆ ಮಾತ್ರ ಯೋಚನೆ ಮಾಡಿ. ಗ್ಯಾಸ್ ಮಾತ್ರ ಇರುವ ಮನೆಯವರಿಗೆ ಬೇಡ.

ಕೊಟ್ಟ ದುಡ್ಡಿಗೆ ಹೊಟ್ಟೆ ಉರಿ ಇದೆಯಾ ಅಂದರೆ, ಇಲ್ಲ. 8,000ಕ್ಕೆ ಸಿಕ್ಕಿದ್ದರೆ ನ್ಯಾಯವಾದ ಬೆಲೆ ಅನ್ನುತ್ತಿದ್ದೆ. ಉಳಿದದ್ದು ಕಥೆಯ ಬೆಲೆ, ಅದರಲ್ಲಿ ಗೆನ್ ಲಾ ಭಾಗವನ್ನು ಕಳೆದು ಬಾಕಿ ಲೆಕ್ಕ ಅಂಗಡಿಯವರ ಮೇಲಿದೆ. ನೀವು ಹೋಗುವುದಾದರೆ ಹಗಲು ಹೊತ್ತಲ್ಲಿ ಹೋಗಿ, ಟಾರ್ಚ್ ಮತ್ತೆ ಸ್ವಲ್ಪ ಹತ್ತಿ ಜೇಬಲ್ಲಿರಲಿ, ಕೀಲಿನ ಮೇಲೆ ಮೇಣ ಕಂಡರೆ ನಾಚಿಕೆ ಪಡದೆ ಉಗುರು ಹಾಕಿ.

ಕಳೆದ ವಾರ ಸಂತೆಗೆ ಹೋದವನು ಮನಸ್ಸು ತಡೆಯದೆ ಮತ್ತೆ ಒಳಗೆ ಹೋದೆ. ಟೀ ಕೊಟ್ಟರು, ಪೆಟ್ಟಿಗೆ ಹೇಗಿದೆ ಸಾರ್ ಅಂತ ಕೇಳಿದರು, ಸ್ಕ್ರೂ ವಿಷಯ ಇಬ್ಬರೂ ಎತ್ತಲಿಲ್ಲ. ತೊಡೆಮೂಳೆ ಕಹಳೆಯ ಚರ್ಮದ ಕೊಳವೆ ಇನ್ನೂ ಅದೇ ಕಪಾಟಿನಲ್ಲಿದೆ. ಮೈಸೂರಿನ ಜೋಡಿಯೊಂದು ಅದನ್ನು ಹಿಡಿದು ನೋಡುತ್ತಿತ್ತು.

"200 ವರ್ಷ ಮೇಡಂ" ಅಂದರು.